ಘಟ್ಟ ಹತ್ತಿ ಬಂದ ಅಡುಗೆಯವರು

ಹೊಟ್ಟೆಪಾಡಿಗೆ ಊರು ಬಿಟ್ಟವರ ಕಥೆ ನಮ್ಮ ವಾಗದರಿಗೆ ಹೊಸದಲ್ಲ. ಸೊಲ್ಲಾಪುರ, ಪುಣೆ, ಮುಂಬೈ ಎಂದು ದುಡಿಯಲು ಹೋದವರು ನಮ್ಮ ನಡುವೆಯೂ ಇದ್ದಾರೆ. ಹಾಗೆ ಊರು ಬಿಟ್ಟು ಹೆಸರಾದವರು ಯಜ್ಞನಾರಾಯಣ ಮಯ್ಯ.

ಉಡುಪಿ ಸೀಮೆಯ ಪಾರಂಪಳ್ಳಿ ಅವರ ಊರು. ಪರಮೇಶ್ವರ, ಗಣಪ್ಪಯ್ಯ, ಯಜ್ಞನಾರಾಯಣ ಎಂಬ ಮೂವರು ಸಹೋದರರು ಘಟ್ಟ ಹತ್ತಿ ಬೆಂಗಳೂರಿಗೆ ಬಂದರು. ಕೈಯಲ್ಲಿದ್ದದ್ದು ಅಡುಗೆಯ ಕೆಲಸ ಒಂದೇ. 1924ರಲ್ಲಿ ಲಾಲ್‌ಬಾಗ್ ಬಳಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಚಿಕ್ಕ ಹೋಟೆಲು ಶುರುವಾಯಿತು. 1929ರಲ್ಲಿ ಪರಮೇಶ್ವರ ಮಯ್ಯ ತೀರಿಕೊಂಡರು. ಆದರೂ ಒಲೆ ಆರಲಿಲ್ಲ. ಉಳಿದವರು ಹೊಣೆ ಹೊತ್ತರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಅಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದರು. ಇಂದು ನಾವೆಲ್ಲ ತಿನ್ನುವ ರವೆ ಇಡ್ಲಿ ಆ ಕೊರತೆಯ ಕೂಸು.

1951ರಲ್ಲಿ ಯಜ್ಞನಾರಾಯಣ ಮಯ್ಯ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ಕಂಡರು. ಅವರ ಮನಸ್ಸಿಗೆ ನಾಟಿದ್ದು ಸ್ವಚ್ಛತೆ. ಮರಳಿದ ಮೇಲೆ ಪಾತ್ರೆಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದಿತ್ತು. 1960ರಲ್ಲಿ ಹೋಟೆಲು ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಂ, ಅಂದರೆ ಎಂಟಿಆರ್ ಆಯಿತು.

1968ರಲ್ಲಿ ಮಯ್ಯರು ತೀರಿಕೊಂಡರು. ಮನೆಯವರು ಕೆಲಸ ಮುಂದುವರಿಸಿದರು.

ಪರಊರಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇರುವುದಿಲ್ಲ. ಅಲ್ಲಿ ನಮ್ಮ ಕೆಲಸವೇ ನಮ್ಮ ಗುರುತು. ಒಳಮನೆಯನ್ನು ತೋರಿಸಲು ಹೆದರದವನ ಅನ್ನವನ್ನು ಜನ ನಂಬಿ ಉಣ್ಣುತ್ತಾರೆ. ದುಡಿಯಲು ಹೊರಟ ನಮ್ಮ ಮಕ್ಕಳಿಗೆ ಬುತ್ತಿಯ ಜೊತೆ ಈ ಮಾತನ್ನೂ ಕಟ್ಟಿ ಕಳಿಸೋಣ.