ಅಟ್ಟದ ಕೋಣೆಯ ವಾಲ್ವ್ ಪೆಟ್ಟಿಗೆ

ಶಾಲಾ ವಾರ್ಷಿಕೋತ್ಸವಕ್ಕೆ ಬಂದ ಪೋಷಕರೆಲ್ಲ ಆ ಸದ್ದನ್ನು ಕೇಳಿಯೇ ಇರುತ್ತೀರಿ. ಭಾಷಣ ಮಾಡುವವರು ಮೈಕನ್ನು ಸ್ಪೀಕರಿನ ಕಡೆಗೆ ಕೊಂಚ ತಿರುಗಿಸಿದರೆ ಸಾಕು, ಕೂಂಯ್ ಎಂದು ಕಿವಿಗಡಚಿಕ್ಕುವ ಕಿರುಚು ಏಳುತ್ತದೆ. ಮೈಕಿನವರು ಓಡಿ ಬಂದು ಸೌಂಡು ತಗ್ಗಿಸುತ್ತಾರೆ. ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿಗೇ ಹೊಕ್ಕು, ಇನ್ನೂ ದೊಡ್ಡದಾಗಿ ಹೊರಬಂದು, ಹೀಗೆ ಸುತ್ತು ಹೊಡೆಯುವುದರಿಂದ ಹುಟ್ಟುವ ಸದ್ದು ಅದು. ಈ ಸುತ್ತನ್ನೇ ಪಳಗಿಸಿ ರೇಡಿಯೋಗೆ ಗಟ್ಟಿ ದನಿ ಕೊಟ್ಟವನು 21 ವರ್ಷದ ಒಬ್ಬ ವಿದ್ಯಾರ್ಥಿ. ಅವನ ಹೆಸರು ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್. ಇಂದು ನಮ್ಮ ಮಕ್ಕಳು ಕೇಳುವ ಎಫ್‌ಎಂ ರೇಡಿಯೋ ಕೂಡ ಅವರ ಕೊಡುಗೆಯೇ.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. ತಾಯಿ ಮದುವೆಗೆ ಮುಂಚೆ ಶಾಲಾ ಶಿಕ್ಷಕಿ. ಬಾಲ್ಯದಲ್ಲಿ ಬಂದ ನರರೋಗದಿಂದ ಹುಡುಗ ಸುಮಾರು ಎರಡು ವರ್ಷ ಶಾಲೆಗೆ ಹೋಗಲಾಗದೆ ಮನೆಯಲ್ಲೇ ಓದಿದ. ಕತ್ತು, ಭುಜ ತಾನಾಗಿ ಅದುರುವ ತೊಂದರೆ ಕೊನೆಯವರೆಗೂ ಉಳಿಯಿತು. ಕುಟುಂಬ ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಊರಿಗೆ ಬಂದು ನೆಲೆಸಿತು. ತಂದೆ ತಂದುಕೊಟ್ಟ ಪುಸ್ತಕಗಳಲ್ಲಿ ಮಾರ್ಕೋನಿಯ ನಿಸ್ತಂತು ಸಾಧನೆಯನ್ನು ಓದಿದ ಹುಡುಗ, 14ನೇ ವಯಸ್ಸಿಗೇ ತಾನೂ ಸಂಶೋಧಕನಾಗಬೇಕೆಂದು ನಿಶ್ಚಯಿಸಿಕೊಂಡ.

ಮನೆಯ ಅಟ್ಟದ ಕೋಣೆ ಅವನ ಕಾರ್ಯಾಗಾರವಾಯಿತು. ತಂತಿ, ಸುರುಳಿ, ಬ್ಯಾಟರಿ, ಕಿವಿಗೆ ಹಾಕುವ ಹೆಡ್‌ಫೋನು, ಎಲ್ಲವೂ ಅಲ್ಲೇ. ದೂರದ ಸಂಕೇತ ಹಿಡಿಯಲು ಹಿತ್ತಲಲ್ಲಿ ಸುಮಾರು 125 ಅಡಿ ಎತ್ತರದ ಕಂಬವನ್ನು ತಾನೇ ಎಬ್ಬಿಸಿ, ಹಗ್ಗದ ಪೀಠದಲ್ಲಿ ಕುಳಿತು ತುದಿಯವರೆಗೆ ಏರುತ್ತಿದ್ದ. ಮಗ ಏನು ಮಾಡುತ್ತಿದ್ದಾನೆಂದು ಮನೆಯವರಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಆದರೂ ಕೋಣೆಯನ್ನು ಕಿತ್ತುಕೊಳ್ಳಲಿಲ್ಲ, ಕಂಬವನ್ನು ಇಳಿಸಲಿಲ್ಲ.

ಆಗ ನಿಸ್ತಂತು ಸಂಕೇತಗಳು ಎಷ್ಟು ಕ್ಷೀಣವಾಗಿದ್ದವೆಂದರೆ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ಕೇಳಬೇಕಿತ್ತು. 1906ರಲ್ಲಿ ಲೀ ಡಿ ಫಾರೆಸ್ಟ್ ಎಂಬವರು ಮೂರು ಭಾಗಗಳ ವಾಲ್ವನ್ನು ರೂಪಿಸಿದ್ದರು. ಗಾಜಿನ ಬುರುಡೆಯೊಳಗೆ ಕಾದು ಕೆಂಪಾಗುವ ತಂತಿ, ಎದುರಿಗೆ ಲೋಹದ ಪ್ಲೇಟು, ನಡುವೆ ಜಾಲರಿಯಂಥ ಗ್ರಿಡ್. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಪ್ಲೇಟಿಗೆ ಹರಿಯುತ್ತವೆ. ಕೆರೆಯ ತೂಬನ್ನು ಒಬ್ಬರೇ ಕೊಂಚ ಏರಿಸಿ ಇಳಿಸಿದರೆ ಕಾಲುವೆಯ ನೀರೆಲ್ಲ ಹೆಚ್ಚು ಕಡಿಮೆಯಾಗುವುದಿಲ್ಲವೇ? ಹಾಗೆಯೇ ಗ್ರಿಡ್‌ಗೆ ಕೊಡುವ ಪುಟ್ಟ ಸಂಕೇತ ಆ ದೊಡ್ಡ ಹರಿವನ್ನು ಏರಿಳಿಸುತ್ತದೆ. ಸಣ್ಣದು ದೊಡ್ಡದಾಗುವುದು ಹೀಗೆ. ಆದರೆ ವಾಲ್ವ್ ಒಳಗೆ ನಿಜವಾಗಿ ಏನು ನಡೆಯುತ್ತದೆಂಬುದು ಅದನ್ನು ಮಾಡಿದವರಿಗೇ ಸ್ಪಷ್ಟವಿರಲಿಲ್ಲ.

1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಆರ್ಮ್‌ಸ್ಟ್ರಾಂಗ್ ಯಾಂಕರ್ಸ್‌ನಿಂದ ಮೋಟಾರ್ ಸೈಕಲ್ಲಿನಲ್ಲಿ ಓಡಾಡುತ್ತಿದ್ದ. ಹಿರಿಯರೊಬ್ಬರು ಕೊಟ್ಟ ವಾಲ್ವ್ ಅವನ ಕೈಯಲ್ಲಿತ್ತು. ಅದನ್ನು ಬಳಸುವುದಕ್ಕಷ್ಟೇ ಅವನು ತೃಪ್ತನಾಗಲಿಲ್ಲ. ಯಾವ ಭಾಗದಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆ, ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಅಳೆಯುತ್ತಾ ಹೋದ. ಪ್ಲೇಟಿನಲ್ಲಿ ದೊಡ್ಡದಾದ ಸಂಕೇತದ ಒಂದು ಪಾಲನ್ನು ಮತ್ತೆ ಗ್ರಿಡ್‌ಗೆ ಕೊಟ್ಟರೆ ಏನಾದೀತು? ಉಯ್ಯಾಲೆ ಮರಳಿ ಬಂದಾಗಲೆಲ್ಲ ಸರಿಯಾದ ಗಳಿಗೆಗೆ ಒಂದು ನೂಕು ಕೊಟ್ಟಂತೆ ಸಂಕೇತ ಬಲಿಯುತ್ತಾ ಹೋದೀತು ಎಂಬುದು ಅವನ ಎಣಿಕೆ.

1912ರ ಸೆಪ್ಟೆಂಬರ್ 22ರ ರಾತ್ರಿ ಆ ಎಣಿಕೆ ನಿಜವಾಯಿತು. ತಂದೆತಾಯಿ ಮನೆಯಲ್ಲಿರಲಿಲ್ಲ. ಮಲಗಿದ್ದ ತಂಗಿ ಎಥೆಲ್‌ಳ ಕೋಣೆಗೆ ಅಣ್ಣ ಪೆಟ್ಟಿಗೆ ಹಿಡಿದು ನುಗ್ಗಿ, ಸಾಧಿಸಿಬಿಟ್ಟೆನೆಂದು ಕೂಗುತ್ತಾ ಕುಣಿದಾಡಿದ. ಕಿವಿಗೆ ಒತ್ತಿಕೊಂಡು ಕೇಳಬೇಕಿದ್ದ ಸಂಕೇತ ಈಗ ಹೆಡ್‌ಫೋನನ್ನು ಮೇಜಿನ ಮೇಲಿಟ್ಟರೂ ಕೇಳುವಂತಾಗಿತ್ತು. ಮರಳಿಸುವ ಪಾಲು ಮಿತಿ ಮೀರಿದರೆ ವಾಲ್ವ್ ತಾನೇ ಸಿಳ್ಳೆ ಹಾಕುತ್ತದೆ, ಅಂದರೆ ಅದೇ ಅಲೆಗಳನ್ನು ಹುಟ್ಟಿಸುವ ಯಂತ್ರವೂ ಆಗುತ್ತದೆ ಎಂಬುದನ್ನೂ ಅವನು ಕಂಡುಕೊಂಡ.

ಪೇಟೆಂಟ್ ಅರ್ಜಿಗೆ ಹಣ ಕೇಳಿದಾಗ ಮಾತ್ರ ತಂದೆ ಒಪ್ಪಲಿಲ್ಲ, ಮೊದಲು ಪದವಿ ಮುಗಿಯಲಿ ಎಂದರು. ನಮ್ಮಲ್ಲಿ ಎಷ್ಟೋ ತಂದೆಯರು ಇದನ್ನೇ ಹೇಳುತ್ತೇವೆ. ಮಗ ತನ್ನ ಮೋಟಾರ್ ಸೈಕಲ್ ಮಾರಿದರೂ ಹಣ ಸಾಲಲಿಲ್ಲ. 1913ರ ಜನವರಿ 31ರಂದು ತನ್ನ ನಕ್ಷೆಗೆ ನೋಟರಿಯ ಮೊಹರು ಹಾಕಿಸಿಟ್ಟ. ಅರ್ಜಿ ಹೋದದ್ದು ಆ ವರ್ಷದ ಅಕ್ಟೋಬರಿನಲ್ಲಿ.

ಮುಂದೆ ಡಿ ಫಾರೆಸ್ಟ್ ಈ ಸಂಶೋಧನೆ ತಮ್ಮದೆಂದರು. ದೂರವಾಣಿ ಆಂಪ್ಲಿಫೈಯರ್ ಕಟ್ಟುವಾಗ 1912ರ ಆಗಸ್ಟಿನಲ್ಲೇ ಕೇಳಿಬಂದ ಕಿರುಚನ್ನು ಅವರ ಕಡೆಯವರು ಬರೆದಿಟ್ಟಿದ್ದರು. ಆದರೆ ಅಂದು ಅದು ಅವರಿಗೆ ನಿವಾರಿಸಬೇಕಾದ ಕಾಟವಾಗಿತ್ತು. ಆರ್ಮ್‌ಸ್ಟ್ರಾಂಗ್ ಅದು ಏಕೆ ಹುಟ್ಟುತ್ತದೆಂದು ಕೇಳಿದ್ದರು. ಎರಡು ದಶಕದ ವ್ಯಾಜ್ಯದ ಬಳಿಕ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡಿ ಫಾರೆಸ್ಟ್ ಪರ ತೀರ್ಪಿತ್ತಿತು. ಈ ಸಂಶೋಧನೆಗಾಗಿ ರೇಡಿಯೋ ಎಂಜಿನಿಯರುಗಳ ಸಂಘ ಹಿಂದೆ ಕೊಟ್ಟಿದ್ದ ಪದಕವನ್ನು ಹಿಂತಿರುಗಿಸಲು ಆರ್ಮ್‌ಸ್ಟ್ರಾಂಗ್ ಎದ್ದು ನಿಂತರು. ಸಂಘ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ವಿಷಯ ಬಲ್ಲವರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಅವರು ಇನ್ನೆರಡು ದೊಡ್ಡ ಕೆಲಸ ಮಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದಾಗ, 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ವಿಧಾನವೇ ನಮ್ಮ ಹಿರಿಯರ ಮನೆಯ ವಾಲ್ವ್ ರೇಡಿಯೋಗಳಿಗೂ, ನಂತರದ ಟ್ರಾನ್ಸಿಸ್ಟರುಗಳಿಗೂ ಅಡಿಪಾಯ. 1933ರ ಡಿಸೆಂಬರಿನಲ್ಲಿ ಎಫ್‌ಎಂ ಪೇಟೆಂಟುಗಳು ಸಿಕ್ಕವು. 1935ರ ನವೆಂಬರ್ 5ರಂದು ನ್ಯೂಯಾರ್ಕಿನ ಸಭೆಯಲ್ಲಿ ಅದನ್ನು ತೋರಿಸಿದರು. ಪ್ರಸಾರವಾದದ್ದು ದೊಡ್ಡ ಕಂಪನಿಯ ಗೋಪುರದಿಂದಲ್ಲ, ಯಾಂಕರ್ಸ್‌ನಲ್ಲಿ ಹವ್ಯಾಸಿ ಗೆಳೆಯನೊಬ್ಬನ ಮನೆಯಿಂದ. ಲೋಟಕ್ಕೆ ನೀರು ಸುರಿಯುವುದು, ಕಾಗದ ಮುದುಡುವುದು ಕೂಡ ಗರಗರ ಸದ್ದಿಲ್ಲದೆ ಸಭಿಕರಿಗೆ ಕೇಳಿಸಿತು.

ಸುಖ ಮಾತ್ರ ಉಳಿಯಲಿಲ್ಲ. 1945ರಲ್ಲಿ ಸರಕಾರ ಎಫ್‌ಎಂ ತರಂಗಪಟ್ಟಿಯನ್ನೇ ಬದಲಿಸಿದಾಗ ಮನೆಗಳಲ್ಲಿದ್ದ ಸೆಟ್ಟುಗಳು ನಿರುಪಯೋಗಿಯಾದವು. ಕಂಪನಿಗಳ ವಿರುದ್ಧದ ವ್ಯಾಜ್ಯ ಹಣವನ್ನೂ ನೆಮ್ಮದಿಯನ್ನೂ ತಿಂದುಹಾಕಿತು. 1954ರ ಜನವರಿ 31ರ ರಾತ್ರಿ, 63ನೇ ವಯಸ್ಸಿನಲ್ಲಿ, ಒಂಟಿಯಾಗಿದ್ದ ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ನೋವನ್ನು ಒಬ್ಬರೇ ಹೊರಬಾರದು ಎಂಬುದನ್ನೂ ಮಕ್ಕಳಿಗೆ ಹೇಳಬೇಕಾದೀತು. ಪತ್ನಿ ಮೇರಿಯನ್ ಹೋರಾಟ ಬಿಡಲಿಲ್ಲ. 1967ರ ಹೊತ್ತಿಗೆ ಕೊನೆಯ ಮೊಕದ್ದಮೆಯೂ ಅವರ ಪರವಾಯಿತು.

ವಾಲ್ವ್ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಆದರೆ ಅದರ ಪ್ಲೇಟಿಗೆ 250 ವೋಲ್ಟಿಗೂ ಮಿಕ್ಕ ವಿದ್ಯುತ್ತು ಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಹುದು. ಮಕ್ಕಳ ಕೈಗೆ ಅದು ಬೇಡ. 9 ವೋಲ್ಟಿನ ಬ್ಯಾಟರಿ, ಒಂದು ಎಲ್‌ಎಂ 386 ಐಸಿ, ಕೆಲವು ಕೆಪಾಸಿಟರು, ಹಳೆಯ ಸ್ಪೀಕರು ಇದ್ದರೆ ಚಿಕ್ಕ ಆಂಪ್ಲಿಫೈಯರ್ ಕಟ್ಟಿ ಕಲಿಯಬಹುದು.

ಮಗ ರೇಡಿಯೋ ಬಿಚ್ಚಿ ಹಾಳು ಮಾಡಿದನೆಂದು ದೂರು ತಂದ ತಂದೆಯರನ್ನು ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಕಂಡಿದ್ದೇನೆ. ಅವರಿಗೆ ಹೇಳುತ್ತಿದ್ದುದನ್ನೇ ಇಲ್ಲೂ ಹೇಳುತ್ತೇನೆ. ಬೈಯುವ ಮುಂಚೆ ಒಂದು ಪ್ರಶ್ನೆ ಕೇಳಿ: ಒಳಗೆ ಏನು ಕಂಡೆ, ಅದು ಹೇಗೆ ನಡೆಯುತ್ತದೆ? ಪುಸ್ತಕದ ಸಾಲನ್ನು ಒಪ್ಪಿಸುವುದು ಬೇಡ, ಮನೆಯ ಮಾತಿನಲ್ಲೇ ಹೇಳಲಿ. ಹೇಳಲು ತಡವರಿಸಿದರೆ ಇನ್ನೊಮ್ಮೆ ಬಿಚ್ಚಿ ನೋಡಲಿ. ಮನೆಯಲ್ಲಿ ಅಟ್ಟದ ಕೋಣೆ ಇಲ್ಲದಿದ್ದರೂ ಜಗಲಿಯ ಒಂದು ಮೂಲೆ ಸಾಕು.