ದೀಪಧಾರಿಣಿಯ ಶಾಲೆ

ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಸಂಚರಿಸುವ ಫ್ಲಾರೆನ್ಸ್ ನೈಟಿಂಗೇಲಳ ಚಿತ್ರ ಲೋಕಪ್ರಸಿದ್ಧವಾದುದು. ಆದರೆ ಆ ದೀಪವನ್ನು ಆಕೆ ಹಿಡಿದುದು ಎರಡು ವರ್ಷಗಳಿಗೂ ಕಡಿಮೆ ಕಾಲ. ಉಳಿದ ಸುದೀರ್ಘ ಜೀವನದಲ್ಲಿ ಆಕೆಯ ಕೈಯಲ್ಲಿದ್ದುದು ಲೇಖನಿ.

ಸಿರಿವಂತ ಆಂಗ್ಲ ದಂಪತಿಗಳ ಮಗಳಾಗಿ ಆಕೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1820ರ ಮೇ 12ರಂದು ಜನಿಸಿದಳು. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ಆ ಕಾಲದಲ್ಲಿ ದಾದಿಯ ವೃತ್ತಿಗೆ ಮರ್ಯಾದೆಯಿರಲಿಲ್ಲ. ತಾನು ದಾದಿಯಾಗುವೆನೆಂದು ಮಗಳು ಹೇಳಿದಾಗ ಮನೆಯವರು ದಿಗ್ಭ್ರಾಂತರಾದರು. ವರ್ಷಗಳ ಹೋರಾಟದ ಬಳಿಕ, 1851ರಲ್ಲಿ, ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಕೆಲವು ತಿಂಗಳು ಶುಶ್ರೂಷೆಯನ್ನು ಕಲಿಯಲು ಆಕೆಗೆ ಸಾಧ್ಯವಾಯಿತು.

1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಆರೈಕೆಗಾಗಿ 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಗೆ ತೆರಳಿದಳು. ಅಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಸೈನಿಕರು ಸಾಯುತ್ತಿದ್ದರು. 1855ರ ವಸಂತದಲ್ಲಿ ಚರಂಡಿಗಳನ್ನು ಶುದ್ಧಗೊಳಿಸಿದ ಮೇಲೆ ಸಾವು ಇಳಿಮುಖವಾಯಿತು. ಸ್ವದೇಶಕ್ಕೆ ಮರಳಿ ಅಂಕಿ ಅಂಶಗಳನ್ನು ಪರಿಶೀಲಿಸಿದಾಗ, ತಾನು ಹಗಲಿರುಳು ದುಡಿದ ಆಸ್ಪತ್ರೆಯ ಕೊಳಕೇ ಅನೇಕರ ಪ್ರಾಣ ತೆಗೆದಿತ್ತೆಂಬುದು ಆಕೆಗೆ ಮನವರಿಕೆಯಾಯಿತು. ಬರಿಯ ಕರುಣೆ ಸಾಲದು, ತಿಳಿವಳಿಕೆಯೂ ಬೇಕೆಂಬ ಕಹಿಪಾಠವದು.

ಸಾರ್ವಜನಿಕರು ಆಕೆಯ ಗೌರವಾರ್ಥ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಮರುವರ್ಷ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ಶಿಕ್ಷಣಕ್ಕೂ ಏರ್ಪಾಡಾಯಿತು. ಆದರೆ ಅಲ್ಲಿ ಬಾಣಂತಿಯರು ಸೂತಿಕಾಜ್ವರಕ್ಕೆ ಬಲಿಯಾಗತೊಡಗಿದರು. 1867ರಲ್ಲಿ ಆ ವಿಭಾಗವನ್ನೇ ಮುಚ್ಚಬೇಕಾಯಿತು. ನೈಟಿಂಗೇಲ್ ಈ ಸೋಲನ್ನು ಮರೆಮಾಚಲಿಲ್ಲ. ನಾನಾ ಕಡೆಗಳಿಂದ ಅಂಕಿಗಳನ್ನು ತರಿಸಿ, ಮನೆಯಲ್ಲಿ ಹೆತ್ತವರಿಗಿಂತ ಹೆರಿಗೆ ಆಸ್ಪತ್ರೆಗಳಲ್ಲಿ ಹೆತ್ತವರೇ ಹೆಚ್ಚು ಸಾಯುತ್ತಿದ್ದರೆಂಬುದನ್ನು 1871ರ ಗ್ರಂಥವೊಂದರಲ್ಲಿ ತೋರಿಸಿಕೊಟ್ಟಳು. ತನ್ನದೇ ಸಂಸ್ಥೆಯ ಸಾವುಗಳನ್ನು ಹೀಗೆ ಎಣಿಸಿ ಲೋಕದ ಮುಂದಿಡುವುದು ಸುಲಭದ ಮಾತಲ್ಲ.

ಅದೇ ಕಾಲದಲ್ಲಿ ಸೇಂಟ್ ಥಾಮಸ್ ಶಾಲೆಯಲ್ಲಿಯೂ ಬೋಧನೆ ಸಡಿಲವಾಗಿದ್ದುದು ಬೆಳಕಿಗೆ ಬಂದಿತು. ಅನಾರೋಗ್ಯದಿಂದ ಬಹುಮಟ್ಟಿಗೆ ಕೋಣೆಯಲ್ಲೇ ಉಳಿದಿದ್ದ ಆಕೆ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಮಾತನಾಡಿದಳು. ಅವರು ಏನನ್ನು ಕಲಿತಿದ್ದಾರೆ, ಏನನ್ನು ಕಲಿತಿಲ್ಲ ಎಂಬುದನ್ನು ಬರೆದಿಟ್ಟಳು. ಹೊಸ ಉಪನ್ಯಾಸಗಳು ಏರ್ಪಟ್ಟವು. 1872ರಿಂದ ಮುಂದಕ್ಕೆ ದಾದಿಯರಿಗೆ ಆಗಾಗ ದೀರ್ಘವಾದ ಪತ್ರಗಳನ್ನು ಬರೆದು, ಶಿಕ್ಷಣವು ಶಾಲೆಯ ಒಂದು ವರ್ಷಕ್ಕೆ ಮುಗಿಯುವುದಿಲ್ಲವೆಂದೂ ಮುಂದೆ ಸಾಗದ ದಾದಿ ಹಿಂದಕ್ಕೆ ಸರಿಯುವಳೆಂದೂ ಎಚ್ಚರಿಸುತ್ತ ಬಂದಳು.

ದಾದಿಯರ ಹೆಸರುಗಳನ್ನು ಪರೀಕ್ಷೆಯ ಆಧಾರದಿಂದ ಪಟ್ಟಿಯಲ್ಲಿ ನೋಂದಾಯಿಸಬೇಕೆಂಬ ಚಳವಳಿ ಮುಂದೆ ಎದ್ದಾಗ ಆಕೆ ಅದನ್ನು ವಿರೋಧಿಸಿದಳು. ಒಮ್ಮೆ ತೇರ್ಗಡೆಯಾದವಳು ಹಲವು ವರ್ಷಗಳ ಅನಂತರವೂ ಯೋಗ್ಯಳಾಗಿರುವಳೆಂದು ಪಟ್ಟಿ ಹೇಳಲಾರದೆಂಬುದು ಆಕೆಯ ಸಂದೇಹ. ಈ ವಾದದಲ್ಲಿ ಆಕೆ ಸೋತಳೆನ್ನಬೇಕು; 1919ರಲ್ಲಿ ನೋಂದಣಿಯ ಕಾಯಿದೆ ಜಾರಿಗೆ ಬಂದಿತು. ಆದರೂ ಸಂದೇಹ ಹುಸಿಯಾಗಿರಲಿಲ್ಲ. 2016ರಿಂದ ಬ್ರಿಟನ್ನಿನ ದಾದಿಯರೂ ಸೂಲಗಿತ್ತಿಯರೂ ಮೂರು ವರ್ಷಕ್ಕೊಮ್ಮೆ, ಕನಿಷ್ಠ 35 ಗಂಟೆಗಳ ಹೊಸ ಕಲಿಕೆಯನ್ನು ತೋರಿಸಿ, ತಮ್ಮ ನೋಂದಣಿಯನ್ನು ನವೀಕರಿಸಬೇಕಾಗಿದೆ.

ನೈಟಿಂಗೇಲ್ 1910ರ ಆಗಸ್ಟ್ 13ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ನಿಧನಳಾದಳು. ರಾಷ್ಟ್ರದ ಮಹನೀಯರ ಸಾಲಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಗೌರವವನ್ನು ಬಂಧುಗಳು ಒಲ್ಲೆವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಸಮಾಧಿಯ ಮೇಲೆ ಆಕೆಯ ಪೂರ್ಣ ಹೆಸರೂ ಇಲ್ಲ. ಎರಡು ಮೊದಲಕ್ಷರಗಳು, ಹುಟ್ಟಿದ ದಿನ, ಸತ್ತ ದಿನ, ಅಷ್ಟೆ.