ಕಡಲ ಪಾರಿವಾಳ

ಕೆನಡಾ ದೇಶದ ಉತ್ತರದ ಹಿಮಪ್ರದೇಶದಲ್ಲಿ ಇನ್ಯುಯಿಟ್ ಎಂಬ ಜನರು ವಾಸಿಸುತ್ತಾರೆ. ಅವರಲ್ಲಿ ಪ್ರಖ್ಯಾತಳಾದ ಚಿತ್ರಕರ್ತ್ರಿಯೊಬ್ಬಳ ಜೀವನವನ್ನು ನಾವಿಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಪಿಟ್ಸಿಯೋಲಾಕ್ ಅಶೂನ ೧೯೦೪ರ ಸುಮಾರಿಗೆ ಹಡ್ಸನ್ ಜಲಸಂಧಿಯ ನಾಟಿಂಗ್‌ಹ್ಯಾಮ್ ದ್ವೀಪದಲ್ಲಿ ಜನಿಸಿದಳು. ಅವರ ನುಡಿಯಲ್ಲಿ ಪಿಟ್ಸಿಯೋಲಾಕ್ ಎಂದರೆ ಕಡಲ ಪಾರಿವಾಳ. ಬೇಟೆಗಾರನಾದ ಅಶೂನನ ಕೈಹಿಡಿದು, ಬೀಡಿನಿಂದ ಬೀಡಿಗೆ ಅಲೆಯುತ್ತ ೧೭ ಮಕ್ಕಳನ್ನು ಹೆತ್ತಳು. ಅನೇಕರು ಎಳೆತನದಲ್ಲಿಯೇ ಗತಿಸಿದರು. ಪತಿಯೂ ರೋಗದಿಂದ ಮಡಿಯಲು, ಸಂಸಾರವು ಹಸಿವಿನಿಂದ ಬಳಲಿತು.

೧೯೫೦ರ ದಶಕದಲ್ಲಿ ಬಾಫಿನ್ ದ್ವೀಪದ ಕೇಪ್ ಡಾರ್ಸೆಟ್ ಊರಿನಲ್ಲಿ ಚಿತ್ರಮುದ್ರಣವು ಮೊದಲಾಯಿತು. ಕಾಗದದ ಚಿತ್ರವನ್ನು ಕುಶಲಿಗಳು ಕಲ್ಲಿನಲ್ಲಿ ಕೊರೆದು, ಉಬ್ಬಿದ ಭಾಗಕ್ಕೆ ಶಾಯಿ ಸವರಿ, ತೆಳುಕಾಗದವನ್ನೊತ್ತಿ ಅಚ್ಚು ತೆಗೆಯುತ್ತಿದ್ದರು. ಚಿತ್ರ ಬರೆದವರಿಗೆ ಸಹಕಾರ ಸಂಘವು ಹಣ ಕೊಡುತ್ತಿತ್ತು. ಉಡುಪು ಹೊಲಿದು ಬದುಕುತ್ತಿದ್ದ ಆ ವಿಧವೆಯು ಐವತ್ತು ದಾಟಿದ ಮೇಲೆ ಸೀಸದ ಕಡ್ಡಿಯನ್ನು ಹಿಡಿದಳು. ೧೯೬೦ರಿಂದ ಆಕೆಯ ಚಿತ್ರಗಳು ಅಚ್ಚಾಗತೊಡಗಿದವು.

ತಾನುಂಡ ಹಸಿವನ್ನಾಗಲಿ ಸಾವನ್ನಾಗಲಿ ಆಕೆ ಬರೆದುದು ಅಪರೂಪ. ಹಳೆಯ ಬೀಡಿನ ಬಾಳು, ಬೇಸಿಗೆಯ ಪ್ರಯಾಣ, ಮತ್ತೆ ಮತ್ತೆ ಹಕ್ಕಿಗಳು—ಇವೇ ಆಕೆಯ ವಸ್ತುಗಳು. ದೀರ್ಘ ಚಳಿಗಾಲದ ಬಳಿಕ ಹಕ್ಕಿಗಳು ಮರಳಿದರೆ ಆ ನಾಡಿನವರಿಗೆ ಮೊಟ್ಟೆಯೂ ಮಾಂಸವೂ ದೊರೆಯುವುವು. ಹಕ್ಕಿಯೆಂದರೆ ಅಲ್ಲಿ ಬದುಕಿನ ಭರವಸೆ.

ಆಕೆ ೭,೦೦೦ಕ್ಕೂ ಹೆಚ್ಚು ಚಿತ್ರಗಳನ್ನು ಬರೆದಳು. ೧೯೭೭ರಲ್ಲಿ ಕೆನಡಾ ಸರಕಾರವು ಆರ್ಡರ್ ಆಫ್ ಕೆನಡಾ ಎಂಬ ಗೌರವವನ್ನಿತ್ತಿತು. ೧೯೮೩ರಲ್ಲಿ ತೀರಿಕೊಂಡಳು. ಮಕ್ಕಳು, ಮೊಮ್ಮಕ್ಕಳಲ್ಲಿಯೂ ಕಲಾವಿದರಾದವರುಂಟು.

ವಿದ್ಯಾರ್ಥಿಗಳೇ, ಕಲಿಕೆಗೆ ಕಾಲ ಮೀರಿತೆಂದು ಯಾರಾದರೂ ನಿಟ್ಟುಸಿರಿಟ್ಟರೆ, ನಾವು ಈ ಕಡಲ ಪಾರಿವಾಳದ ಕಥೆಯನ್ನು ಅವರಿಗೆ ಹೇಳೋಣ.